ಎರಡನೆಯ ಸ್ತುತಿ

ಸಮರ್ಕಂದ್
೨೮ ಮೇ ೧೯೯೬

ಬುಲೋರ್‌ಗೆ,

ಹೀಗೆ ಹೆಸರು ಹಿಡಿದು ನಿನ್ನನ್ನು ಎಂದೂ ಕರೆದವನಲ್ಲ. ಬರೆದು ನೋಡಿದರೆ ಯಾರೋ ಪರ ಹೆಂಗಸಿಗೆ ಕದ್ದು ಕಾಗದ ಬರೆಯುತ್ತಿರುವ ಹಾಗಿದೆ. ನಮ್ಮ ಯಹೂದಿ ಕೇರಿಯ ಎಲ್ಲ ಗಂಡ ಹೆಂಡಿರ ಹಾಗೆ ನಾವೂ ಮಗ ಹುಟ್ಟಿದ ದಿನದಿಂದ ಅವನ ಹೆಸರಿನಿಂದಲೇ ಒಬ್ಬರನ್ನೊಬ್ಬರು ಕೂಗಿಕೊಂಡೆವು. ಯೊನೊ ಹೋದ ಮೇಲೆ ಆ ಕೂಗು ನಿಂತಿತು. ನಾನು 'ಕೇಳಿಸ್ತಾ', 'ಇಲ್ನೋಡು' ಎಂದು ಹೇಗೋ ತಳ್ಳಿದೆ. ನೀನು ಅದನ್ನೂ ಅನ್ನಲಿಲ್ಲ.

ಪೆಸಾಖ್ ಹಬ್ಬ ಮುಗಿಸಿಕೊಂಡು ಬರುತ್ತೇನೆಂದು ಅಮೇರಿಕಕ್ಕೆ, ಅಕ್ಕನ ಮನೆಗೆ ಹೋದವಳು ನೀನು. ಈಗ ಮುಂದಿನ ಹಬ್ಬವೂ ಬಂದು ಹೋಯಿತು. ಅಂಗಳದ ದಾಳಿಂಬೆ ಹೂ ಬಿಟ್ಟಿದೆ. ಇದನ್ನೆಲ್ಲ ಬರೆದು ನಿನ್ನನ್ನು ಕರೆಸಿಕೊಳ್ಳುವ ಹುನ್ನಾರ ಎಂದುಕೊಳ್ಳಬೇಡ. ಬೇರೆಯವರ ಬಾಯಿಂದ ತಿಳಿಯುವ ಮೊದಲು ನಾನೇ ಹೇಳಬೇಕಾದ ಸಂಗತಿ ಒಂದಿದೆ.

ಮೊನ್ನೆ ಶವುವೋತ್ ಹಬ್ಬದ ಬೆಳಿಗ್ಗೆ ಎಂದಿನಂತೆ ನಾನೇ ಸಿನಗಾಗಿನ ಪ್ರಾರ್ಥನೆಯ ಪೀಠದ ಮುಂದೆ ನಿಂತು ಎಲ್ಲರ ಪರವಾಗಿ ಹಾಡುತ್ತಿದ್ದೆ. ಮೊದಲನೆಯ ಸ್ತುತಿ ಚೆನ್ನಾಗಿಯೇ ಬಂತು. ಎರಡನೆಯದರಲ್ಲಿ 'ಸತ್ತವರನ್ನು ಎಬ್ಬಿಸುವವನೇ' ಎನ್ನುವಲ್ಲಿಗೆ ಬಂದಾಗ ಗಂಟಲು ಕಟ್ಟಿತು. ನಾನು ಅದನ್ನು ದಾಟಿ ಮೂರನೆಯದಕ್ಕೆ ಹೋಗಿಬಿಟ್ಟೆ. ಬೇಕೆಂದು ಮಾಡಿದ್ದಲ್ಲ, ಕಾಲು ತಾನಾಗಿ ಹೊಂಡ ದಾಟುತ್ತದಲ್ಲ, ಹಾಗೆ. ಸಿನಗಾಗಿನ ಹಿರಿಯರು, ಕೇರಿಗೆಲ್ಲ ಅಣ್ಣನಾದ ನಮ್ಮ ಮಾನಿ ಅಕಾ ಬಿಡುತ್ತಾರೆಯೇ?

"ಏನಯ್ಯಾ ಅಮ್ನೂನ್, ನುಂಗ್ಬಿಟ್ಯಾ? ಹಿಂದಕ್ಕೆ ಹೋಗು. ಅಲ್ಲಿಂದ ಹೇಳು."

ಬೇರೆ ಸಾಲು ಬಿಟ್ಟರೆ ಮಾಫಿ ಉಂಟು, ಈ ಸಾಲು ಬಿಟ್ಟವನಿಗೆ ಇಲ್ಲ ಎನ್ನುವುದು ಹಿಂದಿನವರ ಕಟ್ಟಳೆ. ಬಿಟ್ಟವನು ಸತ್ತವರು ಏಳುವುದನ್ನೇ ನಂಬುವುದಿಲ್ಲವೇನೋ ಎಂಬ ಅನುಮಾನ. ನಾನು ಹಿಂದಕ್ಕೆ ಹೋದೆ. ಮತ್ತೆ ಅಲ್ಲೇ ನಿಂತೆ. ಕೊನೆಗೆ "ಗಂಟ್ಲು ಸರಿ ಇಲ್ಲ ಅಕಾ" ಎಂದು ಶಾಲು ಮಡಚಿ ಕೆಳಗಿಳಿದೆ. ಉಳಿದದ್ದನ್ನು ಅವರೇ ಹಾಡಿದರು. ಅವರ ದನಿ ನಿನಗೆ ಗೊತ್ತು, ಬಾಗಿಲಿಗೆ ಸಿಕ್ಕ ಮೇಕೆಯ ಹಾಗೆ.

ಆಮೇಲೆ ನನ್ನ ಅಂಗಡಿಗೆ ಕ್ಷೌರಕ್ಕೆ ಬಂದವರೆಲ್ಲ ಔಷಧ ಹೇಳುವವರೇ. ಒಬ್ಬ ಬಾರ್ಲಿ ನೀರು ಎಂದ, ಇನ್ನೊಬ್ಬ ಕುರಿಯ ಕೊಬ್ಬು ಎಂದ. ಕತ್ತಿ ನನ್ನ ಕೈಯಲ್ಲಿದ್ದರೂ ಧೈರ್ಯ ನೋಡು.

ಆರೋಗ್ಯ ನೋಡಿಕೋ. ಉತ್ತರ ಬರೆ.

ಅಮ್ನೂನ್

*

ಕ್ವೀನ್ಸ್, ನ್ಯೂಯಾರ್ಕ್
೨೦ ಜೂನ್ ೧೯೯೬

ಅಮ್ನೂನ್‌ಗೆ,

ನಿನ್ನ ಗಂಟಲಿನ ಸುದ್ದಿ ನಿನ್ನ ಕಾಗದಕ್ಕಿಂತ ಮೊದಲೇ ಇಲ್ಲಿಗೆ ಬಂದಿತ್ತು. ಬೇಕರಿಯ ಸಾಲಿನಲ್ಲಿ ನಿಂತಿದ್ದಾಗ ಮುಂದಿದ್ದವಳು ಹೇಳಿದಳು. ಸಮರ್ಕಂದಿನ ಅರ್ಧ ಕೇರಿ ಈಗ ಈ ಬೀದಿಯಲ್ಲಿದೆ, ಬಾಯಿಗಳೂ ಜೊತೆಗೇ ಬಂದಿವೆ.

ಮೊದಲು ಕಷ್ಟದ ಮಾತು ಮುಗಿಸುತ್ತೇನೆ. ಅಕ್ಕ ಮಫ್ರಾತ್ ನನ್ನ ಹೆಸರಿನಲ್ಲಿ ಇಲ್ಲೇ ಉಳಿಯುವ ಅರ್ಜಿ ಹಾಕಿಸಿದ್ದಾಳೆ. ಅಕ್ಟೋಬರ್ ಕೊನೆಯಲ್ಲಿ ಕರೆದು ಕೇಳುತ್ತಾರಂತೆ. ಹೌದು ಎಂದರೆ ನಾನು ಇಲ್ಲಿಯವಳು. ಭಾವ ನಿನಗೂ ಒಂದು ಕ್ಷೌರದ ಅಂಗಡಿಯಲ್ಲಿ ಕುರ್ಚಿ ನೋಡಿಟ್ಟಿದ್ದಾನೆ. "ಗಂಡನ್ನ ಕರ್ಸ್ಕೊ, ಇಲ್ಲಾ ಬಿಡು. ಮಧ್ಯದಲ್ಲಿ ತೂಗಾಡ್ತಾ ಎಷ್ಟು ದಿನ ಇರ್ತೀಯೇ?" ಎನ್ನುತ್ತಾಳೆ ಅಕ್ಕ. ಅವಳ ಮಾತಿಗೆ ನಾನು ಉತ್ತರ ಕೊಟ್ಟಿಲ್ಲ. ನಿನಗೂ ಈಗ ಕೊಡುವುದಿಲ್ಲ.

ಇನ್ನೊಂದು ಸುದ್ದಿ. ಕೂತು ಓದು. ಭಾವನ ಚಪ್ಪಲಿ ಅಂಗಡಿಯ ಎದುರು ಒಂದು ಸಿನಗಾಗ್ ಇದೆ, ನಮ್ಮ ಜನರದ್ದಲ್ಲ. ಗಂಡಸರು ಹೆಂಗಸರು ಒಟ್ಟಿಗೆ ಕೂರುತ್ತಾರೆ. ಅದರ ಬಾಗಿಲಿಗೆ ರಷ್ಯನ್‌ನಲ್ಲಿ ಒಂದು ಚೀಟಿ ಅಂಟಿಸಿದ್ದರು: 'ದೇವರ ಜೊತೆ ಜಗಳವಾಡಿದವರಿಗೆ ಪಾಠ. ಬುಧವಾರ ಸಂಜೆ. ಟೀ, ಬಿಸ್ಕತ್ತು ಉಂಟು.' ಬಿಸ್ಕತ್ತಿಗೆಂದೇ ಹೋದೆ ಎಂದುಕೋ. ಪಾಠ ಹೇಳುವ ರಬ್ಬಿ, ಅಲ್ಲಿನ ಧರ್ಮಗುರು, ಹೆಂಗಸು. ಟೋವಾ ಎಂದು ಹೆಸರು. ನನ್ನಷ್ಟೇ ವಯಸ್ಸು, ಗಂಡಸರ ಹಾಗೆ ದೊಡ್ಡ ಗಡಿಯಾರ ಕಟ್ಟುತ್ತಾಳೆ. ಕೂತು ಓದು ಎಂದದ್ದು ಇದಕ್ಕೇ.

ಅವಳು ಮೊದಲ ದಿನ ಹೇಳಿದಳು: "ಮೇಲೆ ಕೂತು ಎಲ್ಲಾ ಆಡಿಸೋ ಯಜಮಾನನ್ನ ನಿಮಗೆ ನಂಬಕ್ಕಾಗ್ತಿಲ್ಲ ಅಂದ್ರೆ, ನೀವು ಯಹೂದಿ ಅಲ್ಲ ಅಂತ ಅಲ್ಲ. ಈ ನೂರು ವರ್ಷದಲ್ಲಿ ನಮ್ಮವರೇ ಬೇರೆ ಬೇರೆ ದಾರಿ ಹುಡುಕಿದಾರೆ. ಬನ್ನಿ, ಒಂದೊಂದಾಗಿ ನಡೆದು ನೋಡೋಣ."

ಒಂದು ದಾರಿಯವರು, ಅವನು ವ್ಯಕ್ತಿಯೇ ಅಲ್ಲ, ಬಿದ್ದವನು ಮತ್ತೆ ಎದ್ದು ಇನ್ನೊಬ್ಬನಿಗೆ ಕೈಕೊಡುತ್ತಾನಲ್ಲ, ಅದನ್ನು ಮಾಡಿಸುವ ಶಕ್ತಿ ಎನ್ನುತ್ತಾರೆ. ಶಾಲೆಯಲ್ಲಿ ಅಷ್ಟು ವರ್ಷ ಭೌತಶಾಸ್ತ್ರ ಕಲಿಸಿದ ನನಗೆ ಇದು ಹಿಡಿಸಿತು, ಆದರೆ ಶಕ್ತಿಯ ಹತ್ತಿರ ಅಳಲು ಆಗುವುದಿಲ್ಲ. ಇನ್ನೊಂದು ದಾರಿಯವರು, ಅವನು ಆಕಾಶದಲ್ಲೂ ಇಲ್ಲ, ನಮ್ಮೊಳಗೂ ಇಲ್ಲ, ಇಬ್ಬರು ನಿಜವಾಗಿ ಮುಖಕ್ಕೆ ಮುಖ ಕೊಟ್ಟು ನಿಂತಾಗ ನಡುವೆ ಇರುತ್ತಾನೆ ಎನ್ನುತ್ತಾರೆ. ಅದನ್ನು ಕೇಳಿ ನಿನ್ನ ನೆನಪಾಯಿತು, ಯಾಕೆಂದು ಕೇಳಬೇಡ. ಮೂರನೆಯ ದಾರಿಯವರು, ಅವನು ಒಳ್ಳೆಯವನೇ, ಆದರೆ ಎಲ್ಲವೂ ಅವನ ಕೈಯಲ್ಲಿಲ್ಲ ಎನ್ನುತ್ತಾರೆ. ಮಂಜಿನಲ್ಲಿ ಬರುವ ಲಾರಿಯ ಬ್ರೇಕು ಅವನ ಕೈಯಲ್ಲಿಲ್ಲ. ಅವನೂ ರಸ್ತೆಯ ಪಕ್ಕದಲ್ಲಿ ನಿಂತು ಅಳುತ್ತಾನೆ.

ಅದನ್ನು ಕೇಳಿದ ಮೇಲೆ ನಾನು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹಾಗಾದರೆ ತಾಷ್ಕೆಂಟಿನ ರಸ್ತೆಗೆ, ಯೊನೊನ ಎದುರಿಗೆ ಆ ಲಾರಿಯನ್ನು ಕಳಿಸಿದ್ದು ಅವನಲ್ಲ. ಒಂದೂವರೆ ವರ್ಷದಿಂದ ನನಗೆ ಬೇಕಾಗಿದ್ದದ್ದು ಇಷ್ಟೇ.

ಅವರ ಪ್ರಾರ್ಥನೆಯ ಪುಸ್ತಕದಲ್ಲಿ ನಿನ್ನ ಎರಡನೆಯ ಸ್ತುತಿಯನ್ನೂ ತಿದ್ದಿದ್ದಾರೆ. 'ಸತ್ತವರನ್ನು ಎಬ್ಬಿಸುವವನೇ' ಇಲ್ಲ. 'ಎಲ್ಲಕ್ಕೂ ಜೀವ ಕೊಡುವವನೇ' ಎಂದಿದೆ. ಹಳೆಯ ಮಾತನ್ನು ಪಕ್ಕದಲ್ಲಿ ಕಂಸದೊಳಗೆ ಇಟ್ಟಿದ್ದಾರೆ, ಬೇಕಾದವರು ಹೇಳಿಕೊಳ್ಳಲಿ ಎಂದು. ನಿನಗೆ ಇದು ಉಪಯೋಗಕ್ಕೆ ಬರಬಹುದು.

ಬುಲೋರ್

*

ಸಮರ್ಕಂದ್
೧೪ ಜುಲೈ ೧೯೯೬

ಬುಲೋರ್‌ಗೆ,

ಕೂತೇ ಓದಿದೆ. ಮತ್ತೊಮ್ಮೆ ನಿಂತು ಓದಿದೆ. ಎರಡು ರೀತಿಯಲ್ಲೂ ತಲೆಗೆ ಹತ್ತಲಿಲ್ಲ.

ನಿನ್ನ ಹೊಸ ದೇವರು ನಮ್ಮ ಮುನಿಸಿಪಾಲಿಟಿಯ ಹಾಗಿದ್ದಾನೆ. ನೀರು ಬರದಿದ್ದರೂ ಜವಾಬ್ದಾರನಲ್ಲ, ರಸ್ತೆ ಕೆಟ್ಟರೂ ಜವಾಬ್ದಾರನಲ್ಲ, ಬಂದು ನಮ್ಮ ಜೊತೆ ಕೂತು ಮರುಗುತ್ತಾನೆ. ಕೈಲಾಗದವನು ಒಬ್ಬ ಬೇಕಿದ್ದರೆ ಮನೆಯಲ್ಲಿ ನಾನಿರಲಿಲ್ಲವೇ, ಅದಕ್ಕೆ ಅಷ್ಟು ದೂರ ಹೋಗಬೇಕಿತ್ತೇ? ನಗು ಬಂದಿದ್ದರೆ ನಕ್ಕುಬಿಡು. ಬರದಿದ್ದರೆ ಮುಂದೆ ಓದು.

ಭಾವನಿಗೆ ಹೇಳು, ಕುರ್ಚಿ ಬೇರೆ ಯಾರಿಗಾದರೂ ಕೊಡಲಿ. ನಾನು ಬರುವುದಿಲ್ಲ. ಶುಕ್ರವಾರ ಬೆಳಿಗ್ಗೆ ಯೊನೊನ ಗೋರಿಯ ಹತ್ತಿರ ಹೋಗುತ್ತೇನೆ. ಕಲ್ಲಿನ ಮೇಲೆ ಅವನ ಮುಖ ಕೊರೆದಿರುವುದನ್ನು ನೀನು ನೋಡಿಲ್ಲ, ನೀನು ಹೋದ ಮೇಲೆ ನಿಲ್ಲಿಸಿದ್ದು. ಕಣ್ಣು ಅವನದೇ. ಮೀಸೆ ಮಾತ್ರ ದಪ್ಪಗೆ ಬಂದಿದೆ. ಅವನಿಗೆ ಇನ್ನೂ ಅಷ್ಟು ಬಂದಿರಲಿಲ್ಲ, ನಾನೇ ಸವರುತ್ತಿದ್ದವನು, ನನಗೆ ಗೊತ್ತಿಲ್ಲವೇ? ಕೊರೆದವನನ್ನು ಕೇಳಿದೆ. "ಕಲ್ಲಿನ್ ಮೀಸೆ ಬೋಳ್ಸಕ್ಕಾಗಲ್ಲ ಉಸ್ತಾದ್" ಎಂದ. ಅವನನ್ನು ಅಂಥ ಮೀಸೆಯ ಜೊತೆ ಅಲ್ಲಿ ಒಬ್ಬನೇ ಬಿಟ್ಟು ನಾನು ಯಾವ ಊರಿಗೆ ಬರಲಿ?

ಇನ್ನು ಲಾರಿಯ ಮಾತು. ದೇವರು ಕಳಿಸಲಿಲ್ಲ ಎನ್ನುವುದು ನಿನಗೆ ಸಮಾಧಾನ. ನನಗೆ ಅದೇ ಭಯ. ಯಾರೂ ಕಳಿಸದೆ ಸುಮ್ಮನೆ ಬಂದ ಲಾರಿಗೆ ಮಗನನ್ನು ಕೊಟ್ಟೆವು ಎಂದುಕೊಂಡು ನಾನು ಬದುಕಲಾರೆ. ಅವನ ಇಚ್ಛೆ ಎಂದಾದರೆ ಎಲ್ಲೋ ಒಂದು ಕಡೆ ಅದಕ್ಕೆ ಅರ್ಥ ಇದ್ದೀತು, ನನಗೆ ತಿಳಿಯದಿದ್ದರೂ ಅವನಿಗಾದರೂ ತಿಳಿದಿದ್ದೀತು.

ಹಾಗಿದ್ದೂ ಆ ಸಾಲು ಯಾಕೆ ಬಾಯಿಗೆ ಬರುವುದಿಲ್ಲ ಎಂದು ಕೇಳುತ್ತೀಯ. ಬರುವುದಿಲ್ಲ, ಅಷ್ಟೇ. ಈಗ ಪೀಠದ ಹತ್ತಿರವೇ ಹೋಗುತ್ತಿಲ್ಲ, ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ನಿನ್ನ ಪುಸ್ತಕದ ತಿದ್ದಿದ ಮಾತನ್ನು ಮನೆಯಲ್ಲಿ ಒಮ್ಮೆ ಹಾಡಿ ನೋಡಿದೆ. ರಾಗಕ್ಕೆ ಕೂರುತ್ತದೆ, ನನಗೆ ಕೂರಲಿಲ್ಲ.

ಅಮ್ನೂನ್

*

ಕ್ವೀನ್ಸ್
೫ ಆಗಸ್ಟ್ ೧೯೯೬

ಅಮ್ನೂನ್,

ಆ ಮಾತನ್ನು ನೀನು ಮತ್ತೆ ಬರೆದೆ. ನಿನ್ನ ಕೈಬರಹದಲ್ಲಿ, ದುಂಡಗೆ.

ನಿನಗೆ ಮರೆತಿರಬಹುದು. ಮಣ್ಣು ಮಾಡಿ ಬಂದ ವಾರ ನಾನು ಸೂತಕಕ್ಕೆಂದು ಹರಿದ ಕಾಲರಿನಲ್ಲಿ ನೆಲದ ಮೇಲೆ ಕೂತಿದ್ದೆ. ಮನೆ ತುಂಬ ಜನ. ಮಾನಿ ಅಕಾ ಬಂದು ನನ್ನ ಮುಂದೆ ಬಗ್ಗಿ "ಅವನ ಇಚ್ಛೆ ಕಣಮ್ಮಾ. ಕೊಟ್ಟೋನು ತಗೊಂಡ" ಎಂದರು. ಅವರು ಎಲ್ಲರ ಮನೆಯಲ್ಲೂ ಅದನ್ನೇ ಹೇಳುತ್ತಾರೆ, ನನಗೆ ಸಿಟ್ಟು ಬರಲಿಲ್ಲ. ನಾನು ನಿನ್ನ ಕಡೆ ನೋಡಿದೆ. ನೀನು ಬಾಯಿ ಮುಚ್ಚಿಸುತ್ತೀಯ ಎಂದುಕೊಂಡೆ. ನೀನು ತಲೆಯಾಡಿಸಿ, "ಹೌದು, ಅವನ ಇಚ್ಛೆ" ಎಂದೆ.

ಇಡೀ ಮನೆಯಲ್ಲಿ ನನ್ನ ಪಕ್ಷದಲ್ಲಿ ಇರಬೇಕಾಗಿದ್ದವನು ನೀನೊಬ್ಬ. ನೀನು ಅವನ ಪಕ್ಷ ವಹಿಸಿದೆ. ನಾನು ಹೊರಟು ಬಂದದ್ದು ಅದಕ್ಕೆ. ಹಬ್ಬಕ್ಕಲ್ಲ, ಅಕ್ಕನಿಗಲ್ಲ. ಮಗನನ್ನು ಇಚ್ಛೆಪಟ್ಟು ಕೊಂದವನ ಹೆಸರು ದಿನಕ್ಕೆ ಮೂರು ಹೊತ್ತು ಹಾಡುವ ದನಿಯನ್ನು ಒಂದೇ ಮನೆಯಲ್ಲಿ ಕೂತು ಕೇಳಲಾಗಲಿಲ್ಲ. ಆ ದನಿಯನ್ನು ನಾನು ಎಷ್ಟು ಇಷ್ಟಪಟ್ಟಿದ್ದೆ ಎಂದು ನಿನಗೆ ಗೊತ್ತು.

ಇನ್ನು ಬರೆಯಬೇಡ. ಬರೆಯಲೇಬೇಕು ಅನ್ನಿಸಿದರೆ ಊರಿನ ಸುದ್ದಿ ಬರೆ. ದೇವರ ಸುದ್ದಿ ಬೇಡ.

ಬು.

*

ಸಮರ್ಕಂದ್
೨೫ ಆಗಸ್ಟ್ ೧೯೯೬

ಬುಲೋರ್‌ಗೆ,

ಊರಿನ ಸುದ್ದಿ.

ಅಂಜೂರ ಮುಗಿಯಿತು, ದ್ರಾಕ್ಷಿ ಬಂದಿದೆ. ಸಿಯಾಬ್ ಬಜಾರಿನಲ್ಲಿ ಕಲ್ಲಂಗಡಿ ರಾಶಿ ಬಿದ್ದಿದೆ. ಪಕ್ಕದ ಮನೆಯ ಹಾಲಿದಾ ತಂದೂರಿನ ರೊಟ್ಟಿ ತಂದುಕೊಟ್ಟು ನಿನ್ನನ್ನು ಕೇಳುತ್ತಾಳೆ. "ಬರ್ತಾಳಾ?" ಎಂದಳು. "ಗೊತ್ತಿಲ್ಲ" ಎಂದೆ. "ಹಂಗಂದ್ರೇನು, ಹೆಂಡ್ತಿನಾ ಹವಾಮಾನನಾ?" ಎಂದು ಬೈದಳು.

ಶನಿವಾರದ ಶಬ್ಬಾತ್‌ಗೆಂದು ಶುಕ್ರವಾರವೇ ಒಲೆಯ ಮೇಲಿಡುವ ಅನ್ನ ಮಾಡಲು ಹೋಗಿ ಮತ್ತೆ ತಳ ಹತ್ತಿಸಿದೆ. ನೀನು ಒಣದ್ರಾಕ್ಷಿಯನ್ನು ಮೊದಲು ಹಾಕುತ್ತಿದ್ದೆಯೋ ಕೊನೆಗೋ? ಇಷ್ಟು ವರ್ಷ ತಿಂದೆ, ಒಂದು ದಿನವೂ ನೋಡಲಿಲ್ಲ.

ಅವನ ಸುದ್ದಿ ಬರೆಯಬೇಡ ಎಂದಿದ್ದೀಯ. ಬರೆಯುವುದಿಲ್ಲ.

ಅಮ್ನೂನ್

*

ಸಮರ್ಕಂದ್
೧೬ ಸೆಪ್ಟೆಂಬರ್ ೧೯೯೬

ಬುಲೋರ್‌ಗೆ,

ನಿನ್ನಿಂದ ಕಾಗದವಿಲ್ಲ. ನಮ್ಮ ಹೊಸವರ್ಷದ ಹಬ್ಬ ನಿನ್ನೆಗೆ ಮುಗಿಯಿತು. ಮೇಕೆಯೇ ಹಾಡಿತು. ಜನ ಕಿವಿ ಮುಚ್ಚಿಕೊಳ್ಳಲಿಲ್ಲ ಅಷ್ಟೇ.

ಮಾನಿ ಅಕಾ ಅಂಗಡಿಗೆ ಬಂದಿದ್ದರು. ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕೂತು, ಕಣ್ಣು ಮುಚ್ಚಿಕೊಂಡೇ ಮಾತಾಡಿದರು.

"ಹೊಸವರ್ಷ ನಾನು ಹೆಂಗೋ ಸಾಗಿಸ್ದೆ. ಮಳೆ ಹಾಡು ನನ್ ಕೈಲಾಗಲ್ಲ. ಅದು ನಿಮ್ ಮನೇದು. ನಿನ್ ತಾತ ಹಾಡ್ತಿದ್ದ, ನೀನ್ ಹಾಡ್ತಿದ್ದೆ. ಇನ್ಯಾರಿಗೂ ಬರಲ್ಲ."

"ನಂಗೂ ಬರ್ತಿಲ್ಲ ಅಕಾ."

"ಬರ್ದಿದ್ರೆ ಈ ವರ್ಷ ಮಳೆ ಹಾಡೇ ಇಲ್ಲ. ಅಷ್ಟೇ ಆಗೋದು. ಮುಂದಿನ್ ವರ್ಷಕ್ಕೆ ಯಾರಿಗೂ ನೆನಪಿರಲ್ಲ. ಎಲ್ಲಾ ಗಂಟು ಕಟ್ಕೊಂಡು ಹೊರಟಿದಾರೆ. ಮೆಲ್ಲಗೆ ಕಣೋ, ಗದ್ದ ಕುಯ್ಯಬೇಡ."

ಮಳೆಯ ಹಾಡು ಕರೆದೊಯ್ಯುವುದು ಆ ಎರಡನೆಯ ಸ್ತುತಿಗೇ. ಚಳಿಗಾಲಕ್ಕೆ ಮಳೆ ಕೊಡು ಎಂದು ಹಾಡಿ, ಮೊದಲನೆಯ ಸ್ತುತಿ ದಾಟಿದ ಕೂಡಲೇ ಸತ್ತವರನ್ನು ಎಬ್ಬಿಸುವವನೇ ಎನ್ನಬೇಕು. ಯೊನೊಗೆ ಅರ್ಧ ಕಲಿಸಿದ್ದೆ. ಮಳೆಯ ಭಾಗ ಬಂದಿತ್ತು. ಉಳಿದದ್ದು ಬಾಕಿ.

ಈಗ ನೀನು ಬೇಡವೆಂದ ವಿಷಯಕ್ಕೇ ಬರುತ್ತೇನೆ, ಬಯ್ಯಬೇಡ. ಆ ದಿನ ನನ್ನ ಬಾಯಿಂದ ಬಂದ ಮಾತು ನನಗೆ ಮರೆತಿಲ್ಲ. ನೀನು ನೆಲದ ಮೇಲೆ ಕೂತಿದ್ದೆ. ನಾನು ನಿಂತಿದ್ದೆ. ಏನನ್ನಾದರೂ ಹಿಡಿದುಕೊಳ್ಳದಿದ್ದರೆ ಬೀಳುತ್ತಿದ್ದೆ, ಕೈಗೆ ಸಿಕ್ಕಿದ್ದು ಆ ಮಾತು. ಅದು ನಿನ್ನ ಮೈಮೇಲೆ ಬಿತ್ತು ಎಂದು ನಿನ್ನ ಕಾಗದ ಓದುವವರೆಗೆ ನನಗೆ ಗೊತ್ತಾಗಲಿಲ್ಲ. ನಾನು ಅವನ ಪಕ್ಷದವನಲ್ಲ. ನನಗೆ ಯಾರ ಪಕ್ಷವೂ ಉಳಿದಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಹೆಂಗಸರ ಪರದೆಯ ಕಡೆ ನೋಡುತ್ತೇನೆ, ಬಲತುದಿಯಲ್ಲಿ ನಿನ್ನ ಜಾಗದಲ್ಲಿ ಈಗ ಯಾರೂ ಕೂರುವುದಿಲ್ಲ.

ಮನೆ ಬಹಳ ದೊಡ್ಡದಾಗಿದೆ. ಬಾ ಎಂದು ಬರೆಯಲು ನನಗೆ ಹಕ್ಕಿಲ್ಲ. ಆದರೂ ಬಾ.

ಅಮ್ನೂನ್

*

ಕ್ವೀನ್ಸ್
೧೮ ಸೆಪ್ಟೆಂಬರ್ ೧೯೯೬

ಅಮ್ನೂನ್‌ಗೆ,

ಅಕ್ಕನ ನಾದಿನಿ ನಾಳೆ ತಾಷ್ಕೆಂಟಿಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಇದನ್ನು ಕಳಿಸುತ್ತೇನೆ, ಮಳೆಯ ಹಾಡಿನ ಹಬ್ಬದ ಮೊದಲು ನಿನಗೆ ಸಿಗಲಿ. ಪ್ರಾಯಶ್ಚಿತ್ತದ ದಿನ ಹತ್ತಿರ ಬಂತು. ಮನುಷ್ಯ ಮನುಷ್ಯನಿಗೆ ಮಾಡಿದ ನೋವನ್ನು ದೇವರು ಕ್ಷಮಿಸಲಾರ, ನಾವೇ ಹೋಗಿ ಕೇಳಬೇಕು. ಈ ಒಂದು ವಿಷಯದಲ್ಲಿ ನಿಮ್ಮ ದೇವರಿಗೂ ರಬ್ಬಿ ಟೋವಾಳ ದೇವರಿಗೂ ಜಗಳವಿಲ್ಲ. ಬರೆಯಬೇಡ ಎಂದದ್ದಕ್ಕೆ ಕ್ಷಮಿಸು. ನೀನು ಹೇಳಿದ ಮಾತನ್ನು ಇನ್ನೂ ಕ್ಷಮಿಸಿಲ್ಲ, ಪ್ರಯತ್ನದಲ್ಲಿದ್ದೇನೆ. ಒಣದ್ರಾಕ್ಷಿ ಕೊನೆಗೆ ಹಾಕಬೇಕು.

ನಮ್ಮ ಪಾಠಕ್ಕೆ ಲೇಬ್ ಎಂಬ ಮುದುಕ ಬರುತ್ತಾನೆ. ಪೋಲೆಂಡಿನವನು. ಯುದ್ಧದಲ್ಲಿ ಅವನ ಮನೆಯವರೆಲ್ಲ ಹೋದರು. ದಿನವೂ ತಪ್ಪದೆ ಸಿನಗಾಗಿಗೆ ಬಂದು ಕೂರುತ್ತಾನೆ, ತುಟಿ ಅಲ್ಲಾಡಿಸುವುದಿಲ್ಲ. ಕೇಳಿದ್ದಕ್ಕೆ ಹೇಳಿದ: "ಅವನ್ ಜೊತೆ ಮಾತು ಬಿಟ್ಟಿದೀನಿ ಮೇಡಂ. ಮನೆ ಬಿಟ್ಟಿಲ್ಲ." ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ನಾನು ಮನೆ ಬಿಟ್ಟು ಬಂದು ಕಾಗದ ಬರೆಯುತ್ತಾ ಕೂತವಳು.

ಹೋದ ವಾರ ರಬ್ಬಿ ಟೋವಾ ಮೊದಲನೆಯ ಸ್ತುತಿ ಎತ್ತಿಕೊಂಡಳು. "ಅಬ್ರಹಾಮನ ದೇವರೇ, ಇಸಾಕನ ದೇವರೇ, ಯಾಕೋಬನ ದೇವರೇ ಅಂತ ಯಾಕೆ ಮೂರು ಸಲ? ಮೂವರ ದೇವರೇ ಅಂದ್ರೆ ಸಾಕಿತ್ತಲ್ಲ?" ಎಂದು ಕೇಳಿ, ಅವಳೇ ಹೇಳಿದಳು, ಅಪ್ಪ ಕಂಡ ದೇವರು ಮಗನಿಗೆ ಸಾಲದು, ಪ್ರತಿಯೊಬ್ಬನೂ ತನ್ನದನ್ನು ತಾನೇ ಹುಡುಕಿಕೊಳ್ಳಬೇಕು ಎಂದು. ಎಲ್ಲರೂ ಬರೆದುಕೊಂಡರು. ಲೇಬ್ ಹಿಂದಿನಿಂದ, "ಅದಿರ್ಲಿ. ಮೂರೂ ಜನ ಸತ್ತು ಯಾವ್ ಕಾಲ ಆಯ್ತು. ಇವ್ನು ಇನ್ನೂ ಅವರ ಹೆಸ್ರಲ್ಲೇ ಓಡಾಡ್ತಿದಾನೆ. ಬೇರೆ ಹೆಸರು ಇಟ್ಕೊಂಡಿಲ್ಲ, ಅದನ್ನ ನೋಡಿ" ಎಂದ.

ಆಮೇಲೆ ರಬ್ಬಿ ಟೋವಾ ಒಂದೊಂದು ಹಾಳೆ ಕೊಟ್ಟು, ನೀವು ಅವನನ್ನು ಏನೆಂದು ಕರೆಯುತ್ತೀರೋ ಬರೆಯಿರಿ ಎಂದಳು. ಒಬ್ಬಳು ತಾಯಿ ಎಂದು ಬರೆದಳು, ಒಬ್ಬಳು ಉಸಿರು ಎಂದು. ನನ್ನದು ಖಾಲಿ. ನನಗೆ ಯಾರನ್ನೂ ಕರೆಯಲು ಹೆಸರಿಲ್ಲ, ನಿನ್ನನ್ನು ಕೂಡ.

ಈಗ ಒಂದು ವಿಚಿತ್ರ ಕೇಳು. ಹೊಸವರ್ಷದ ದಿನ ಅವರ ಪುಸ್ತಕ ಹಿಡಿದು ನಿಂತಿದ್ದೆ. ಎರಡನೆಯ ಸ್ತುತಿ ಬಂತು. 'ಎಲ್ಲಕ್ಕೂ ಜೀವ ಕೊಡುವವನೇ' ಸಲೀಸಾಗಿ ನಾಲಗೆ ಮೇಲೆ ಬಂತು. ಬುದ್ಧಿ ಒಪ್ಪುತ್ತದೆ. ಆದರೆ ಆ ಎಲ್ಲದರಲ್ಲಿ ಮರ ಇದೆ, ಮೀನು ಇದೆ, ಯೊನೊ ಇಲ್ಲ. ಕಂಸದೊಳಗಿನ ಹಳೆಯ ಮಾತನ್ನು ನಾನು ನಂಬುವುದಿಲ್ಲ, ಅವನು ಇದ್ದಾಗಲೂ ನಂಬಿರಲಿಲ್ಲ. ಆದರೆ ಇಡೀ ಪುಸ್ತಕದಲ್ಲಿ ನನ್ನ ಮಗ ಇರುವುದು ಅದೊಂದೇ ಕಡೆ. ನಾನು ಕಂಸದೊಳಗಿನದನ್ನೇ ಹೇಳಿದೆ. ಗಟ್ಟಿಯಾಗಿ ಹೇಳಿದೆನೆಂದು ಕಾಣುತ್ತದೆ, ಮುಂದಿನ ಸಾಲಿನವರು ತಿರುಗಿ ನೋಡಿದರು.

ನಂಬುವ ನಿನಗೆ ಬಾಯಿ ಬರುತ್ತಿಲ್ಲ, ನಂಬದ ನಾನು ಕೂಗಿ ಹೇಳಿದೆ. ನಿನ್ನ ಮುನಿಸಿಪಾಲಿಟಿಯಲ್ಲಿ ಇದಕ್ಕೆ ಯಾವ ಇಲಾಖೆ?

ಮಳೆಯ ಹಾಡಿನ ದಿನ ಬರುತ್ತದೆ. ಹಾಡಿಬಿಡು. ನಂಬಿಕೆಯ ವಿಷಯ ಆಮೇಲೆ ನೋಡೋಣ. ಅವನು ಕೇಳಿಸಿಕೊಳ್ಳುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಇಲ್ಲಿ ಕಿಟಕಿ ಒರೆಸುವಾಗ, ಬಸ್ಸಿಗೆ ಕಾಯುವಾಗ ಆ ದನಿಗಾಗಿ ನನ್ನ ಕಿವಿ ತವಕಿಸುತ್ತದೆ. ಅದು ಮಾತ್ರ ನಿಜ.

ಬುಲೋರ್

*

ಸಮರ್ಕಂದ್
೮ ಅಕ್ಟೋಬರ್ ೧೯೯೬

ಯೊನೊನ ಅಮ್ಮನಿಗೆ,

ಹೆದರಬೇಡ, ತಪ್ಪಿ ಬರೆದದ್ದಲ್ಲ. ಮೊದಲು ನಡೆದದ್ದನ್ನು ಹೇಳುತ್ತೇನೆ.

ನಿನ್ನ ಕಾಗದ ಮಳೆಯ ಹಾಡಿನ ಹಬ್ಬದ ಹಿಂದಿನ ದಿನ ಸಿಕ್ಕಿತು. ಮರುದಿನ ಬೆಳಿಗ್ಗೆ ಸಿನಗಾಗಿನಲ್ಲಿ ಹಿಂದಿನ ಬೆಂಚಿನಿಂದ ಎದ್ದು ನಾನೇ ಪೀಠದ ಹತ್ತಿರ ಹೋದೆ. ಮಾನಿ ಅಕಾ ಏನೂ ಕೇಳದೆ ಜರುಗಿ ಜಾಗ ಬಿಟ್ಟರು. ಅವರ ಜನ್ಮದಲ್ಲಿ ಅವರು ಏನೂ ಕೇಳದೆ ಇದ್ದದ್ದು ಅದೇ ಮೊದಲು.

ನಾನೇನೂ ನಿರ್ಧಾರ ಮಾಡಿಕೊಂಡು ಹೋಗಿರಲಿಲ್ಲ. ಮಳೆಯ ಹಾಡು ಹಾಡಿದೆ. ಯೊನೊ ಕಲಿತ ಭಾಗ ಅದು, ಅವನು ಎಳೆಯುತ್ತಿದ್ದ ಹಾಗೆ ಒಂದು ಕಡೆ ತಪ್ಪಾಗಿ ಎಳೆದೆ, ಬೇಕೆಂದೇ. ಆಮೇಲೆ ಮೊದಲನೆಯ ಸ್ತುತಿ ಶುರುಮಾಡಿದೆ. ಅಬ್ರಹಾಮನ ದೇವರೇ ಎಂದೆ, ಇಸಾಕನ ದೇವರೇ ಎಂದೆ. ಹುಡುಗನಾಗಿದ್ದಾಗಿನಿಂದ ಹಾಡಿದ ಸಾಲು. ಅಷ್ಟರಲ್ಲಿ ನಿನ್ನ ಮುದುಕ ಹೇಳಿದ್ದು ನೆನಪಿಗೆ ಬಂದು, ಯಾಕೋಬನ ಹೆಸರು ಬಾಯಲ್ಲಿರುವಾಗಲೇ ನನಗೆ ನಗು ಬಂದುಬಿಟ್ಟಿತು. ಈ ದೇವರೂ ನಮ್ಮ ಕೇರಿಯವನೇ! ಇವನನ್ನೂ ಮಕ್ಕಳ ಹೆಸರಿನಿಂದಲೇ ಕೂಗುವುದು. ಸ್ವಂತ ಹೆಸರನ್ನು ಯಾರೂ ಬಾಯಲ್ಲಿ ಎತ್ತುವುದಿಲ್ಲ. ಮಕ್ಕಳೆಲ್ಲ ಮಣ್ಣಾಗಿ ಸಾವಿರಾರು ವರ್ಷವಾಯಿತು, ಇವನು ಆ ಹೆಸರುಗಳನ್ನು ಬಿಟ್ಟಿಲ್ಲ, ಅವನ್ನು ಕೂಗಿದರೇ ತಿರುಗಿ ನೋಡುತ್ತಾನೆ. ನಾವಿಬ್ಬರು ಒಂದೇ ವಾರದಲ್ಲಿ ಬಿಟ್ಟುಬಿಟ್ಟೆವು. ನಾನು ಅಮ್ನೂನ್ ಆದೆ, ನೀನು ಬುಲೋರ್ ಆದೆ. ಯೊನೊನನ್ನು ಮಣ್ಣು ಮಾಡಿ ಬಂದದ್ದು ಸಾಲದೆಂದು ಮನೆಯಲ್ಲಿ ಇನ್ನೊಂದು ಸಲ ಮಾಡಿದೆವು.

ಎರಡನೆಯ ಸ್ತುತಿ ಯಾವಾಗ ಬಂತೋ ಯಾವಾಗ ಹೋಯಿತೋ ತಿಳಿಯಲಿಲ್ಲ. 'ಸತ್ತವರನ್ನು ಎಬ್ಬಿಸುವವನೇ' ಎಂದು ಪೂರ್ತಿ ಹಾಡಿದ್ದೇನೆ, ಗಂಟಲು ಕಟ್ಟಲಿಲ್ಲ. ಗೋರಿಯಿಂದ ಎದ್ದು ಬರುತ್ತಾರೋ ನನಗೆ ಗೊತ್ತಿಲ್ಲ. ಈಗ ಅದನ್ನು ತಿಳಿಯುವ ಆತುರವೂ ಇಲ್ಲ.

ಹೊರಗೆ ಬರುವಾಗ ಮಾನಿ ಅಕಾ ತೋಳು ಹಿಡಿದರು. "ಗಂಟ್ಲು ವಾಸಿ ಆಯ್ತಾ ಅಮ್ನೂನ್? ಯಾವ್ ಔಷಧಿ?"

"ಅಮೇರಿಕದ್ದು. ಅಕಾ, ಇನ್ಮೇಲೆ ನನ್ನ ಅಮ್ನೂನ್ ಅನ್ಬೇಡಿ. ಮುಂಚೆ ಏನಂತಿದ್ರೋ ಹಂಗೇ ಅನ್ನಿ."

ಪಾಪ, ಎಲ್ಲರೂ ನನ್ನ ಮೇಲಿನ ಕರುಣೆಯಿಂದಲೇ ಆ ಹೆಸರು ಬಿಟ್ಟಿದ್ದರು. ಅಕಾ ನನ್ನ ಹೆಗಲ ಮೇಲಿನ ಶಾಲು ಸರಿಮಾಡಿದರು. ಆಮೇಲೆ "ಸರಿ ಬಿಡು, ಯೊನೊನ ಅಪ್ಪ" ಎಂದರು, ಎಂದವರು ಕಣ್ಣು ಒರೆಸಿಕೊಂಡರು. ನಾನೂ ಒರೆಸಿಕೊಂಡೆ. ಮೇಕೆಯ ದನಿಯಲ್ಲೂ ಅದು ಎಷ್ಟು ಚೆನ್ನಾಗಿತ್ತು ಗೊತ್ತೇ?

ಲಾರಿಯನ್ನು ಅವನು ಕಳಿಸಿದನೋ ಇಲ್ಲವೋ, ನೀನು ಒಂದು ಹೇಳುತ್ತೀಯ, ನಾನೊಂದು. ಇದು ಕಾಗದದಲ್ಲಿ ಮುಗಿಯುವ ಜಗಳವಲ್ಲ, ಬದುಕಿರುವಷ್ಟು ದಿನ ಆಡೋಣ. ಆದರೆ 'ಅವನ ಇಚ್ಛೆ' ಎಂಬ ಮಾತನ್ನು ಇನ್ನು ನಿನ್ನ ಮುಂದೆ ನಾನು ಹೇಳುವುದಿಲ್ಲ. ಬೇರೆ ಯಾರಾದರೂ ಹೇಳಿದರೆ ಬಾಯಿ ಮುಚ್ಚಿಸುತ್ತೇನೆ.

ನಿನ್ನನ್ನು ಕರೆಯುವ ಹೆಸರು ನನಗೆ ಮತ್ತೆ ಸಿಕ್ಕಿತು. ನನ್ನನ್ನು ಆ ಹೆಸರಿನಿಂದ ಊರೆಲ್ಲ ಕರೆಯಬಹುದು. ಆದರೆ ಒಳಗಿನಿಂದ, ಕೈಯಲ್ಲಿ ಸೌಟು ಹಿಡಿದು, ಸಿಟ್ಟಿನಲ್ಲಿ ಕೂಗುತ್ತಿದ್ದವಳು ನೀನೊಬ್ಬಳೇ.

ಯೊನೊನ ಅಪ್ಪ

*

ಕ್ವೀನ್ಸ್
೨೫ ಅಕ್ಟೋಬರ್ ೧೯೯೬

ಯೊನೊನ ಅಪ್ಪನಿಗೆ,

ಇಷ್ಟು ಬರೆದು ಪೆನ್ನು ಕೆಳಗಿಟ್ಟು ನಿನ್ನ ಕಾಗದ ಮತ್ತೆ ಓದಿದೆ. ಅಕ್ಕ ಬಂದು "ಏನಾಯ್ತೇ, ಕೆಟ್ಟ ಸುದ್ದಿನಾ?" ಎಂದಳು. ಅಲ್ಲ ಎಂದೆ.

ಮಂಗಳವಾರ ಅರ್ಜಿಯವರು ಕರೆದಿದ್ದಾರೆ. ನಾನು ಹೋಗುವುದಿಲ್ಲ. ಅಕ್ಕ ಬೈದಳು, ಅತ್ತಳು, ಈಗ ನನ್ನ ಪೆಟ್ಟಿಗೆಗೆ ನಿನಗೆಂದು ಶೇವಿಂಗ್ ಕ್ರೀಮು ತುಂಬುತ್ತಿದ್ದಾಳೆ. ರಬ್ಬಿ ಟೋವಾಳಿಗೆ ನನ್ನ ಹಾಳೆಯನ್ನು ತುಂಬಿ ಕೊಟ್ಟು ಬಂದೆ. ಅವನ ಹೆಸರಿನ ಜಾಗದಲ್ಲಿ 'ಯೊನೊನ ದೇವರೇ' ಎಂದು ಬರೆದೆ. ಓದಿ ಅವಳು ನನ್ನ ಕೈ ಹಿಡಿದುಕೊಂಡಳು. ಅವನು ಎಂಥವನು, ಕೈಲಾದವನೋ ಆಗದವನೋ, ನನಗೆ ಇನ್ನೂ ಗೊತ್ತಿಲ್ಲ. ಎಂಥವನೇ ಇರಲಿ, ಆ ಹೆಸರಿಗೆ ಓಗೊಡದಿದ್ದರೆ ನನಗೂ ಅವನಿಗೂ ಮಾತಿಲ್ಲ.

ಮುಂದಿನ ಗುರುವಾರ ಬೆಳಿಗ್ಗೆ ತಾಷ್ಕೆಂಟಿಗೆ ಬಂದು ಇಳಿಯುತ್ತೇನೆ. ನಮ್ಮೂರಿಗೆ ಹೋಗುವಾಗ ಆ ರಸ್ತೆಯಲ್ಲೇ ಹೋಗಬೇಕು. ಆ ಜಾಗ ಬಂದಾಗ ನನ್ನ ಪಕ್ಕದಲ್ಲಿ ಕೂತಿರು, ಏನೂ ಮಾತಾಡಬೇಡ. ಶುಕ್ರವಾರ ಕಲ್ಲಿನ ಹತ್ತಿರ ಒಟ್ಟಿಗೆ ಹೋಗೋಣ, ಆ ಮೀಸೆ ನಾನೂ ನೋಡಬೇಕು. ಅನ್ನಕ್ಕೆ ಕೈ ಹಾಕಬೇಡ, ಬಂದು ನಾನೇ ಮಾಡುತ್ತೇನೆ.

ಈ ಕಾಗದ ನನಗಿಂತ ನಿಧಾನವಾಗಿ ಬರಬಹುದು, ದಿನವನ್ನೂ ಕೆಳಗಿನ ಮಾತನ್ನೂ ತಿಳಿಸಲು ಭಾವ ತಂತಿ ಕೊಡುತ್ತಾನೆ. ವಿಮಾನ ನಿಲ್ದಾಣದಲ್ಲಿ ಗಲಾಟೆ ಜಾಸ್ತಿ, ನೂಕುನುಗ್ಗಲು, ನನ್ನ ಕಣ್ಣೂ ಈಗ ಮೊದಲಿನ ಹಾಗಿಲ್ಲ. ಎಲ್ಲಿದ್ದೀಯ ಎಂದು ನಾನು ಹುಡುಕುವುದಿಲ್ಲ. ನೀನು ಎಲ್ಲಿದ್ದರೂ ಅಲ್ಲಿಂದಲೇ, ಪೀಠದ ಮುಂದೆ ನಿಂತವನ ಹಾಗೆ ಗಂಟಲು ಬಿಟ್ಟು, ನನ್ನನ್ನು ಕರೆ. ಕಾಗದದಲ್ಲಿ ಕರೆದದ್ದು ಕಿವಿಗೆ ಸಾಲಲಿಲ್ಲ.

ಯೊನೊನ ಅಮ್ಮ